ಪಿಎಚ್ ಪೇಪರ್ ತಪ್ಪು ಬಣ್ಣ ತೋರಿಸಿದಾಗ ಎಲ್ಲಿ ಹುಡುಕಬೇಕು

ಪಿಎಚ್ ಪೇಪರ್‌ನಲ್ಲಿ ಕೆಟ್ಟುಹೋಗಲು ಅಂಥದ್ದೇನೂ ಇಲ್ಲ. ಬ್ಯಾಟರಿ ಇಲ್ಲ, ಗುಂಡಿ ಇಲ್ಲ, ತಂತಿ ಇಲ್ಲ. ಹೀರುವ ಕಾಗದಕ್ಕೆ ಬಣ್ಣ ಕುಡಿಸಿ ಒಣಗಿಸಿದ್ದಾರೆ, ಅಷ್ಟೇ. ಪಿಎಚ್ ಅಂದರೆ ದ್ರಾವಣ ಎಷ್ಟು ಆಮ್ಲೀಯ ಅನ್ನುವುದರ ಅಳತೆ: 7 ತಟಸ್ಥ, ಅದಕ್ಕಿಂತ ಕಡಿಮೆಯಾದರೆ ಆಮ್ಲ, ಹೆಚ್ಚಾದರೆ ಪ್ರತ್ಯಾಮ್ಲ. ದ್ರಾವಣ ತಗುಲಿದಾಗ ಬಂದ ಬಣ್ಣವನ್ನು ಡಬ್ಬಿಯ ಜೊತೆ ಬರುವ ಬಣ್ಣದ ಚಾರ್ಟ್‌ಗೆ ಹೋಲಿಸಿ ಅಂಕಿ ಓದುತ್ತೇವೆ. ಆದರೂ ದೂರುಗಳಿಗೆ ಕೊರತೆಯಿಲ್ಲ. ಬಣ್ಣವೇ ಬರಲಿಲ್ಲ. ಬಂದ ಬಣ್ಣ ಚಾರ್ಟ್‌ನಲ್ಲೇ ಇಲ್ಲ. ಶುದ್ಧ ನೀರಿಗೆ 7 ಬರಬೇಕಿತ್ತು, 5 ಬಂತು. ನೀಲಿಯಾದದ್ದು ನೋಡನೋಡುತ್ತಲೇ ಬೆಳ್ಳಗಾಯಿತು.

ಇಂಥ ಹೊತ್ತಲ್ಲಿ ಎಲ್ಲರೂ ಮೊದಲು ಪೇಪರ್ ಮೇಲೆ ಗೂಬೆ ಕೂರಿಸುತ್ತಾರೆ. ನನ್ನ ಪ್ರಕಾರ ಪೇಪರ್‌ನ ತಪ್ಪು ಕಡಿಮೆ. ತನಗೆ ಸಿಕ್ಕಿದ್ದಕ್ಕೆ ಅದು ಸರಿಯಾಗಿಯೇ ಬಣ್ಣ ಬದಲಿಸಿರುತ್ತದೆ. ಅದಕ್ಕೆ ನಿಜವಾಗಿ ಏನು ಸಿಕ್ಕಿತು ಎನ್ನುವುದು ನಮಗೆ ಗೊತ್ತಿರುವುದಿಲ್ಲ. ಹಾಗಾಗಿ ದೋಷ ಹುಡುಕುವುದೆಂದರೆ ಇಲ್ಲಿ ಮೂರು ಜಾಗ ನೋಡುವುದು: ಪೇಪರ್, ಪರೀಕ್ಷೆಗೆ ತಂದ ವಸ್ತು, ಬಣ್ಣ ಓದುವ ಕಣ್ಣು. ಯಾವುದು ಅಂತ ಮೊದಲೇ ಊಹಿಸಬೇಡಿ.

ಮೊದಲು ಪೇಪರ್‌ಗೇ ಪರೀಕ್ಷೆ

ಉತ್ತರ ಗೊತ್ತಿರುವ ಎರಡು ದ್ರಾವಣ ಪಕ್ಕದಲ್ಲಿ ಇಟ್ಟುಕೊಳ್ಳಿ. ಒಂದು ವಿನೆಗರ್. ಇನ್ನೊಂದು ತಣ್ಣೀರಿನಲ್ಲಿ ಆಗಷ್ಟೇ ಕರಗಿಸಿದ ಅಡುಗೆ ಸೋಡಾ. ವಿನೆಗರ್‌ನ ಪಿಎಚ್ 2.4ರಿಂದ 3ರ ಆಸುಪಾಸು. ಅಡುಗೆ ಸೋಡಾದ್ದು ಸುಮಾರು 8.3. ಬಿಳಿ ತಟ್ಟೆಯ ಮೇಲೆ ಪೇಪರ್‌ನ ಎರಡು ತುಂಡು ಇಡಿ. ಗಾಜಿನ ಕಡ್ಡಿಯಿಂದ ಒಂದೊಂದು ಹನಿ ಮುಟ್ಟಿಸಿ. ನಡುವೆ ಕಡ್ಡಿಯನ್ನು ತೊಳೆದು ಒರೆಸುವುದು ಮರೆಯಬೇಡಿ.

1ರಿಂದ 14ರವರೆಗಿನ ಸಾಮಾನ್ಯ ಪೇಪರ್ ಆಗಿದ್ದರೆ ಮೊದಲ ತುಂಡು ಕೆಂಪು ಬೆರೆತ ಕಿತ್ತಳೆಯಾಗುತ್ತದೆ. ಎರಡನೆಯದು ನೀಲಿ ಬೆರೆತ ಹಸಿರಾಗುತ್ತದೆ. ಎರಡೂ ಹೀಗೇ ಬಂದರೆ ಪೇಪರ್‌ಗೆ ಏನೂ ಆಗಿಲ್ಲ, ದೋಷ ಬೇರೆ ಕಡೆ ಇದೆ. ಎರಡೂ ತುಂಡು ಒಂದೇ ಬಣ್ಣದಲ್ಲಿ ಉಳಿದರೆ ಪೇಪರ್ ಸತ್ತಿದೆ. ಅದನ್ನು ಉಳಿಸಿಕೊಳ್ಳುವ ಉಪಾಯ ಯಾವುದೂ ಇಲ್ಲ, ಬಿಸಾಡಿ. ಒಂದು ಸರಿ, ಇನ್ನೊಂದು ಒಂದೆರಡು ಮೆಟ್ಟಿಲು ಆಚೀಚೆ ಬಂದರೆ ಪೇಪರ್ ಹಳತಾಗಿರಬಹುದು, ಅಥವಾ ನೀವು ಹಿಡಿದಿರುವ ಚಾರ್ಟ್ ಆ ಪೇಪರ್‌ನದ್ದು ಅಲ್ಲದಿರಬಹುದು. ಇನ್ನೂ ಖಚಿತವಾಗಬೇಕು ಅನ್ನುವವರು ಪಿಎಚ್ 4, 7, 10ರ ಬಫರ್ ದ್ರಾವಣಗಳನ್ನು ಬಳಸಬಹುದು. ಪಿಎಚ್ ಸುಲಭಕ್ಕೆ ಕದಲದ ದ್ರಾವಣಗಳು ಅವು, ಪಿಎಚ್ ಮೀಟರ್ ಹೊಂದಿಸಲು ಮಾರುವಂಥವೇ.

ಒಂದು ಮಾತು. ಈ ಪರೀಕ್ಷೆಗೆ ಶುದ್ಧ ನೀರನ್ನು ಬಳಸಲೇಬೇಡಿ. ‘ನೀರು ತಟಸ್ಥ, ಪೇಪರ್ ಹಸಿರಾಗಬೇಕು’ ಅಂತ ಅದನ್ನೇ ಅಳತೆಗೋಲು ಮಾಡಿಕೊಂಡು ಒಳ್ಳೆಯ ಪೇಪರ್‌ಗಳನ್ನು ಬಿಸಾಡಿದವರು ಬಹಳ. ಯಾಕೆ ಅನ್ನುವುದು ಮುಂದೆ ಬರುತ್ತದೆ.

ಬಣ್ಣ ಎಲ್ಲಿಂದ ಬರುತ್ತದೆ

ಇದಿಷ್ಟು ಗೊತ್ತಿದ್ದರೆ ಮುಂದಿನ ಅರ್ಧ ದೋಷಗಳು ತಾವಾಗಿಯೇ ಅರ್ಥವಾಗುತ್ತವೆ. ಪೇಪರ್‌ನಲ್ಲಿರುವ ಬಣ್ಣದ ವಸ್ತುವನ್ನು ಸೂಚಕ ಎನ್ನುತ್ತಾರೆ. ಬಹುತೇಕ ಸೂಚಕಗಳು ತಾವೇ ದುರ್ಬಲ ಆಮ್ಲಗಳು. ಹೈಡ್ರೋಜನ್ ಅಯಾನು (ವಿದ್ಯುದಂಶ ಹೊತ್ತ ಹೈಡ್ರೋಜನ್ ಕಣ) ಜೊತೆಗಿದ್ದಾಗ ಅವಕ್ಕೆ ಒಂದು ಬಣ್ಣ, ಅದು ಬಿಟ್ಟುಹೋದಾಗ ಇನ್ನೊಂದು ಬಣ್ಣ. ಸುತ್ತ ಆಮ್ಲ ಜಾಸ್ತಿ ಇದ್ದರೆ ಮೊದಲ ರೂಪ, ಪ್ರತ್ಯಾಮ್ಲ ಜಾಸ್ತಿ ಇದ್ದರೆ ಎರಡನೆಯದು. ನಡುವೆ ಸುಮಾರು ಎರಡು ಪಿಎಚ್ ಅಂತರದಲ್ಲಿ ಎರಡೂ ರೂಪ ಬೆರೆತಿರುತ್ತವೆ.

ಒಂದೇ ಸೂಚಕದಿಂದ 1ರಿಂದ 14ರವರೆಗೆ ಓದಲು ಆಗುವುದಿಲ್ಲ. ಅದಕ್ಕೇ ಯೂನಿವರ್ಸಲ್ ಪೇಪರ್‌ನಲ್ಲಿ ಹಲವು ಸೂಚಕಗಳ ಮಿಶ್ರಣ ಇರುತ್ತದೆ. ಸಾಮಾನ್ಯವಾಗಿ ಬಳಸುವ ಮಿಶ್ರಣ ಹೀಗಿದೆ. ಥೈಮಾಲ್ ಬ್ಲೂ 1.2ರಿಂದ 2.8ರ ನಡುವೆ ಕೆಂಪಿನಿಂದ ಹಳದಿಗೆ ಬರುತ್ತದೆ. ಮತ್ತೆ 8ರಿಂದ 9.6ರ ನಡುವೆ ಹಳದಿಯಿಂದ ನೀಲಿಗೆ ಹೋಗುತ್ತದೆ. ಮೀಥೈಲ್ ರೆಡ್ 4.4ರಿಂದ 6.2ರ ನಡುವೆ ಕೆಂಪಿನಿಂದ ಹಳದಿ. ಬ್ರೋಮೋಥೈಮಾಲ್ ಬ್ಲೂ 6ರಿಂದ 7.6ರ ನಡುವೆ ಹಳದಿಯಿಂದ ನೀಲಿ. ಫಿನಾಲ್ಫ್ತಲೀನ್ ಸುಮಾರು 8.2ರವರೆಗೆ ಬಣ್ಣವೇ ಇಲ್ಲದೆ ಕೂತು, 10ರ ಹೊತ್ತಿಗೆ ಗಾಢ ಗುಲಾಬಿ.

ಈಗ ಚಾರ್ಟ್ ನೋಡಿ. 4ರಲ್ಲಿ ಕಿತ್ತಳೆ ಯಾಕೆ? ಮೀಥೈಲ್ ರೆಡ್ ಇನ್ನೂ ಕೆಂಪು, ಉಳಿದವು ಹಳದಿ. ಎರಡೂ ಸೇರಿ ಕಿತ್ತಳೆ. 7ರಲ್ಲಿ ಹಸಿರು ಯಾಕೆ? ಹಸಿರು ಬಣ್ಣದ ಸೂಚಕ ಯಾವುದೂ ಅಲ್ಲಿಲ್ಲ. ಬ್ರೋಮೋಥೈಮಾಲ್ ಬ್ಲೂ ಅರ್ಧ ಹಳದಿ, ಅರ್ಧ ನೀಲಿಯಾಗಿ ನಿಂತಿದೆ. 10ರ ಮೇಲೆ ನೇರಳೆ ಯಾಕೆ? ನೀಲಿಗೆ ಫಿನಾಲ್ಫ್ತಲೀನ್‌ನ ಗುಲಾಬಿ ಸೇರಿತು. ಅಂದರೆ ನಿಮಗೆ ಕಾಣುವುದು ಬೆರಕೆ ಬಣ್ಣ. ಮಿಶ್ರಣದಲ್ಲಿ ಒಂದು ಸೂಚಕ ಮಾತ್ರ ಹಾಳಾದರೂ ಚಾರ್ಟ್‌ನ ಒಂದು ಭಾಗ ತಪ್ಪಾಗಿ, ಉಳಿದ ಭಾಗ ಸರಿಯಾಗಿಯೇ ಇರಬಹುದು. ಆಮ್ಲಕ್ಕೆ ಸರಿ ಬಂದು ಪ್ರತ್ಯಾಮ್ಲಕ್ಕೆ ತಪ್ಪು ಬರುವ ಪೇಪರ್‌ನ ಒಗಟು ಇದೇ.

ಬಣ್ಣ ಬದಲಾಗಲೇ ಇಲ್ಲ

ಮೊದಲ ಪ್ರಶ್ನೆ: ನೀರು ಇದೆಯಾ? ಪಿಎಚ್ ಅನ್ನುವುದು ನೀರಿನಲ್ಲಿ ಕರಗಿದ ವಸ್ತುವಿನ ಗುಣ. ಒಣ ಅಡುಗೆ ಸೋಡಾದ ಮೇಲೆ ಒಣ ಪೇಪರ್ ಉಜ್ಜಿದರೆ ಏನೂ ಆಗುವುದಿಲ್ಲ. ಸಿಟ್ರಿಕ್ ಆಮ್ಲದ ಹರಳಿನ ಮೇಲೆ ಇಟ್ಟರೂ ಅಷ್ಟೇ. ಒಣ ಹೈಡ್ರೋಜನ್ ಕ್ಲೋರೈಡ್ ಅನಿಲ ಕೂಡ ಒಣ ಲಿಟ್ಮಸ್ ಪೇಪರ್‌ನ ಬಣ್ಣ ಬದಲಿಸುವುದಿಲ್ಲ. ಅದೇ ಅನಿಲಕ್ಕೆ ಒದ್ದೆ ಪೇಪರ್ ಹಿಡಿದರೆ ಆ ಕ್ಷಣವೇ ಕೆಂಪು. ಹುಡಿ, ಹರಳು, ಉಂಡೆ ಏನೇ ಇರಲಿ, ಮೊದಲು ನೀರಿನಲ್ಲಿ ಕಲಸಿ. ಮಣ್ಣಾದರೆ ನೀರಲ್ಲಿ ಚೆನ್ನಾಗಿ ಕದಡಿ, ತಿಳಿಯಾಗಲು ಬಿಟ್ಟು, ಮೇಲಿನ ತಿಳಿ ನೀರನ್ನು ಪೇಪರ್‌ಗೆ ಮುಟ್ಟಿಸಿ.

ಎಣ್ಣೆ, ಸೀಮೆಎಣ್ಣೆ, ಶುದ್ಧ ಆಲ್ಕೋಹಾಲ್ ಇವುಗಳ ಪಿಎಚ್ ಪೇಪರ್‌ನಲ್ಲಿ ಸಿಗುವುದಿಲ್ಲ. ಎಣ್ಣೆ ಪೇಪರ್ ಅನ್ನು ನೆನೆಸಿ ಅದರ ಬಣ್ಣವನ್ನು ಕಪ್ಪಾಗಿಸುತ್ತದೆ. ಅದನ್ನು ನೋಡಿ ‘ಬದಲಾಯಿತು’ ಅಂತ ಓದಬೇಡಿ. ಇನ್ನು ಗಟ್ಟಿ ಸಲ್ಫ್ಯೂರಿಕ್ ಆಮ್ಲ ಕಾಗದವನ್ನೇ ಸುಟ್ಟು ಕರಿ ಮಾಡುತ್ತದೆ. ಅಲ್ಲಿ ಬಣ್ಣದ ಪ್ರಶ್ನೆಯೇ ಇಲ್ಲ. ಹೆಚ್ಚು ತೆಳು ಮಾಡಿದ ಆಮ್ಲವನ್ನಷ್ಟೇ ಪರೀಕ್ಷಿಸಿ. ತೆಳು ಮಾಡುವಾಗ ನೀರಿಗೆ ಆಮ್ಲ ಹಾಕಬೇಕು, ಆಮ್ಲಕ್ಕೆ ನೀರು ಹಾಕಬಾರದು.

ಲಿಟ್ಮಸ್ ಪೇಪರ್‌ನದ್ದು ಬೇರೆಯೇ ತಕರಾರು. ಲಿಟ್ಮಸ್ ಬಣ್ಣ ಕಲ್ಲುಹೂವಿನ ಜಾತಿಯ ಜೀವಿಗಳಿಂದ ಬರುತ್ತದೆ. ಅದು ಪೂರ್ತಿ ಕೆಂಪಾಗಲು ಪಿಎಚ್ ಸುಮಾರು 4.5ಕ್ಕಿಂತ ಕೆಳಗಿರಬೇಕು. ಪೂರ್ತಿ ನೀಲಿಯಾಗಲು 8.3ರ ಮೇಲಿರಬೇಕು. ನಡುವಿನ ಅಷ್ಟೂ ಜಾಗದಲ್ಲಿ ಅದು ನೇರಳೆ, ಇಲ್ಲವೇ ಮೊದಲಿದ್ದ ಬಣ್ಣಕ್ಕೆ ಹತ್ತಿರ. ಹಾಲಿನ ಪಿಎಚ್ ಸುಮಾರು 6.6, ಅಂದರೆ ತುಸು ಆಮ್ಲೀಯ. ಆದರೆ ನೀಲಿ ಲಿಟ್ಮಸ್ ಅದನ್ನು ಹಾಲಿಗೆ ಅದ್ದಿದ್ದೇ ಗೊತ್ತಿಲ್ಲ ಅನ್ನುವಂತೆ ಇರುತ್ತದೆ. ಇದು ಪೇಪರ್‌ನ ದೋಷವಲ್ಲ, ಅದರ ಮಿತಿ.

ಇನ್ನೊಂದು ಎಡವಟ್ಟೂ ಇದೆ. ನೀಲಿ ಲಿಟ್ಮಸ್ ನೀಲಿಯಾಗಿಯೇ ಉಳಿದರೆ ‘ಇದು ಪ್ರತ್ಯಾಮ್ಲ’ ಎಂದು ಬರೆಯುತ್ತಾರೆ. ಹಾಗೆ ಹೇಳಲು ಬರುವುದಿಲ್ಲ. ಅದು ತಟಸ್ಥವೂ ಇರಬಹುದು. ಕೆಂಪು ಪೇಪರ್ ಅನ್ನೂ ಹಾಕಿ ನೋಡಿ. ಅದು ನೀಲಿಯಾದರೆ ಮಾತ್ರ ಪ್ರತ್ಯಾಮ್ಲ. ಎರಡೂ ಬದಲಾಗದಿದ್ದರೆ ತಟಸ್ಥ, ಇಲ್ಲವೇ ತಟಸ್ಥಕ್ಕೆ ಹತ್ತಿರ. ಅರಿಶಿನ ಹಚ್ಚಿ ಮಾಡಿದ ಪೇಪರ್‌ನಲ್ಲಿ ಈ ಎಡವಟ್ಟು ಇನ್ನೂ ಜಾಸ್ತಿ. ಅದು ಪ್ರತ್ಯಾಮ್ಲಕ್ಕೆ ಕೆಂಪು-ಕಂದಾಗುತ್ತದೆ. ಆಮ್ಲಕ್ಕೂ ತಟಸ್ಥಕ್ಕೂ ಹಳದಿಯೇ. ಅದರಲ್ಲಿ ಆಮ್ಲ ಹುಡುಕುವುದು ಸುಮ್ನೆ ಶ್ರಮ.

ಶುದ್ಧ ನೀರಿಗೆ 7 ಬರುತ್ತಿಲ್ಲ

ಅತಿ ಹೆಚ್ಚು ಜನರನ್ನು ಕಾಡುವ ದೋಷ ಇದು. ನಿಧಾನವಾಗಿ ನೋಡೋಣ.

ಮೊದಲ ಕಾರಣ ನೀರಿನಲ್ಲೇ ಇದೆ. ಡಿಸ್ಟಿಲ್ಡ್ ನೀರು ಗಾಳಿಗೆ ತೆರೆದಿದ್ದರೆ ಗಾಳಿಯ ಕಾರ್ಬನ್ ಡೈಆಕ್ಸೈಡ್ ಕರಗಿ ಕಾರ್ಬೋನಿಕ್ ಆಮ್ಲವಾಗುತ್ತದೆ. ಪಿಎಚ್ ಇಳಿಯುತ್ತಾ ಬಂದು ಸುಮಾರು 5.6ರ ಹತ್ತಿರ ನಿಲ್ಲುತ್ತದೆ. ಕಲ್ಮಶವಿಲ್ಲದ ಮಳೆನೀರಿನ ಪಿಎಚ್ ಕೂಡ ಹೆಚ್ಚುಕಡಿಮೆ ಇಷ್ಟೇ, ಕಾರಣವೂ ಇದೇ. ಹಾಗಾಗಿ ಬಾಟಲಿಯಿಂದ ಸುರಿದು ಇಟ್ಟ ಡಿಸ್ಟಿಲ್ಡ್ ನೀರಿಗೆ ಪೇಪರ್ 5 ಅಥವಾ 6 ತೋರಿಸಿದರೆ ಅದು ನಿಜವನ್ನೇ ಹೇಳುತ್ತಿರಬಹುದು.

‘ಹೇಳುತ್ತಿರಬಹುದು’ ಅಂದೆ. ಯಾಕೆಂದರೆ ಎರಡನೇ ಕಾರಣ ಇನ್ನೂ ದೊಡ್ಡದು. ಪಿಎಚ್ 7ರ ನೀರಿನ ಒಂದು ಲೀಟರ್‌ನಲ್ಲಿ ಹೈಡ್ರೋಜನ್ ಅಯಾನುಗಳು ಇರುವುದು ಒಂದು ಮೋಲ್‌ನ (ಕಣಗಳನ್ನು ಎಣಿಸಲು ರಸಾಯನಶಾಸ್ತ್ರದಲ್ಲಿ ಬಳಸುವ ಅಳತೆ) ಕೋಟಿಯಲ್ಲೊಂದು ಭಾಗ. ಒಂದು ಹನಿ ಎಂದರೆ ಸುಮಾರು 0.05 ಮಿಲಿಲೀಟರ್. ಅಷ್ಟರಲ್ಲಿ ಎಷ್ಟು ಬಂತು? ಲೆಕ್ಕಕ್ಕೇ ಸಿಗದಷ್ಟು ಕಡಿಮೆ. 5 ಶೇಕಡಾ ವಿನೆಗರ್‌ನ ಅದೇ ಒಂದು ಹನಿಯಲ್ಲಿರುವ ಆಮ್ಲ ಅದರ 80 ಲಕ್ಷ ಪಟ್ಟು. ಪೇಪರ್‌ನಲ್ಲಿರುವ ಸೂಚಕವೂ ಒಂದು ಆಮ್ಲ ಎಂದೆನಲ್ಲ? ಶುದ್ಧ ನೀರಿನ ಹನಿ ಬಿದ್ದಾಗ ಆ ಸೂಚಕವೇ, ಕಾಗದದಲ್ಲಿ ಉಳಿದ ಅಷ್ಟಿಷ್ಟು ಆಮ್ಲವೇ ನೀರಿನ ಪಿಎಚ್ ಅನ್ನು ಬದಲಿಸಿಬಿಡುತ್ತದೆ. ಆಗ ನೀವು ಓದುವುದು ಪೇಪರ್‌ನ ಪಿಎಚ್, ನೀರಿನದ್ದಲ್ಲ.

ಇಲ್ಲಿ ಪಿಎಚ್ ಬೇರೆ, ಬಣ್ಣ ಬದಲಿಸುವ ಶಕ್ತಿ ಬೇರೆ. ಪಿಎಚ್ ಅಂದರೆ ಕೈಯಲ್ಲಿರುವ ಚಿಲ್ಲರೆ. ಹಿಂದೆ ಪೆಟ್ಟಿಗೆಯಲ್ಲಿ ಎಷ್ಟು ಗಂಟಿದೆ ಅನ್ನುವುದು ಅದರಿಂದ ಗೊತ್ತಾಗುವುದಿಲ್ಲ. ವಿನೆಗರ್‌ನಲ್ಲಿ ಯಾವುದೇ ಹೊತ್ತಿನಲ್ಲಿ ಸುಮಾರು 200 ಅಣುಗಳಲ್ಲಿ ಒಂದು ಮಾತ್ರ ಹೈಡ್ರೋಜನ್ ಅಯಾನನ್ನು ಬಿಟ್ಟುಕೊಟ್ಟಿರುತ್ತದೆ. ಉಳಿದವೆಲ್ಲ ಗಂಟು. ಸೂಚಕ ಸ್ವಲ್ಪ ಕಸಿದುಕೊಂಡರೂ ಕೂಡಲೇ ಮತ್ತಷ್ಟು ಬರುತ್ತದೆ, ಪಿಎಚ್ ಕದಲುವುದಿಲ್ಲ. ಡಿಸ್ಟಿಲ್ಡ್ ನೀರಿನ ಹತ್ತಿರ ಗಂಟೇ ಇಲ್ಲ.

ಇದೇ ಕಾರಣಕ್ಕೆ ನಲ್ಲಿ ನೀರಿನಲ್ಲಿ ಪೇಪರ್ ಸುಮಾರಾಗಿ ಸರಿಯಾಗಿ ಓದುತ್ತದೆ, ಅದಕ್ಕಿಂತ ‘ಶುದ್ಧ’ವಾದ ನೀರಿನಲ್ಲಿ ಎಡವುತ್ತದೆ. ವಿಚಿತ್ರ ಅಲ್ವಾ? ನಲ್ಲಿ ನೀರಿನಲ್ಲಿ ಕರಗಿರುವ ಬೈಕಾರ್ಬೋನೇಟ್ ಪಿಎಚ್ ಅನ್ನು ಹಿಡಿದು ನಿಲ್ಲಿಸುತ್ತದೆ. ಮಳೆನೀರು, ಆರ್‌ಒ ನೀರು, ಡಿಸ್ಟಿಲ್ಡ್ ನೀರು ಇವೆಲ್ಲ ಕಷ್ಟದ ಗಿರಾಕಿಗಳು.

ಪರಿಹಾರ ಏನು? ಬಣ್ಣ ಬಿಡದ ಪಟ್ಟಿಗಳನ್ನು ಬಳಸಿ. ಇವುಗಳಲ್ಲಿ ಸೂಚಕವನ್ನು ಕಾಗದದ ನಾರಿಗೆ ರಾಸಾಯನಿಕವಾಗಿಯೇ ಬಂಧಿಸಿರುತ್ತಾರೆ. ನೀರಿನಲ್ಲಿ ಅದ್ದಿಟ್ಟರೂ ಬಣ್ಣ ಕರಗಿ ಹೋಗುವುದಿಲ್ಲ. ಒಂದು ಹನಿಯ ಬದಲು ಒಂದು ಲೋಟ ನೀರಿನಲ್ಲಿ ಪಟ್ಟಿಯನ್ನು ಅದ್ದಿ ಹಾಗೇ ಬಿಡಿ. ಆಗಾಗ ಮೆಲ್ಲಗೆ ಆಡಿಸಿ. ಬಣ್ಣ ನಿಧಾನವಾಗಿ ಬದಲಾಗುತ್ತಾ ಹೋಗುತ್ತದೆ, ಕೆಲವು ನಿಮಿಷ ಹಿಡಿಯುತ್ತದೆ. ಇನ್ನು ಬದಲಾಗುವುದಿಲ್ಲ ಅನ್ನಿಸಿದಾಗ ಓದಿ. ಸುರುಳಿಯಿಂದ ಹರಿದುಕೊಳ್ಳುವ ಅಗ್ಗದ ಪೇಪರ್‌ನಲ್ಲಿ ಇದನ್ನು ಮಾಡಬೇಡಿ. ಲೋಟದ ನೀರಿಗೇ ಬಣ್ಣ ಬರುತ್ತದೆ, ಪೇಪರ್ ಬಿಳಿಚಿಕೊಳ್ಳುತ್ತದೆ.

ನಿಜಕ್ಕೂ 7ರ ಹತ್ತಿರದ ನೀರು ಬೇಕೆಂದರೆ ಡಿಸ್ಟಿಲ್ಡ್ ನೀರನ್ನು ಕುದಿಸಿ, ಮುಚ್ಚಿಟ್ಟು ಆರಿಸಿ. ಕರಗಿದ ಅನಿಲ ಹೊರಟುಹೋಗಿರುತ್ತದೆ. ಆದರೆ ನಲ್ಲಿ ನೀರನ್ನು ಹೀಗೆ ಕುದಿಸಿದರೆ ಅದು 7ಕ್ಕಿಂತ ಮೇಲಕ್ಕೆ ಹೋಗುತ್ತದೆ. ಕಾರ್ಬನ್ ಡೈಆಕ್ಸೈಡ್ ಹೋಗಿ ಬೈಕಾರ್ಬೋನೇಟ್‌ನ ಕೈ ಮೇಲಾಗುತ್ತದೆ.

ಬಣ್ಣ ಬಂತು, ಹೋಯಿತು

ಬಣ್ಣ ಒಂದು ಕ್ಷಣ ಕಾಣಿಸಿ ನಂತರ ಪೇಪರ್ ಬೆಳ್ಳಗಾದರೆ ಪೇಪರ್‌ಗೆ ಬ್ಲೀಚ್ ತಗುಲಿದೆ. ಬಟ್ಟೆ ಬಿಳುಪು ಮಾಡುವ ಹೈಪೋಕ್ಲೋರೈಟ್ ದ್ರಾವಣ ಪ್ರತ್ಯಾಮ್ಲೀಯ. ಮುಟ್ಟಿಸಿದ ಕೂಡಲೇ ಪೇಪರ್ ನೀಲಿಯಾಗುತ್ತದೆ. ಅಷ್ಟರಲ್ಲೇ ಅದು ಸೂಚಕದ ಅಣುವನ್ನೇ ಒಡೆದು ಹಾಕುತ್ತದೆ. ಒಡೆದ ಮೇಲೆ ಯಾವ ಬಣ್ಣವೂ ಇಲ್ಲ. ಕ್ಲೋರಿನ್ ಅನಿಲವೂ ಹೀಗೇ. ಒದ್ದೆ ನೀಲಿ ಲಿಟ್ಮಸ್ ಮೊದಲು ಕೆಂಪಾಗುತ್ತದೆ, ಆಮೇಲೆ ಬಿಳಿ. ಬಿಳಿ ಪೇಪರ್ ನೋಡಿ ಚಾರ್ಟ್‌ನಲ್ಲಿ ತಿಳಿ ಬಣ್ಣ ಹುಡುಕಬೇಡಿ. ಆ ಮೊದಲ ಕ್ಷಣದ ಬಣ್ಣವೇ ನಿಮಗೆ ಸಿಗುವ ಉತ್ತರ. ಅದೂ ಅಂದಾಜು ಮಾತ್ರ.

ಈಜುಕೊಳದ ನೀರಿನಲ್ಲಿ ಇದರ ಇನ್ನೊಂದು ರೂಪ ಕಾಣುತ್ತದೆ. ಅಲ್ಲಿ ಬಳಸುವ ಫಿನಾಲ್ ರೆಡ್ ಸೂಚಕಕ್ಕೆ ಕ್ಲೋರಿನ್ ಅತಿಯಾಗಿ ಸಿಕ್ಕರೆ ಅದು ಬೇರೆಯೇ ವಸ್ತುವಾಗಿ ನೇರಳೆ ಬಣ್ಣ ಕೊಡುತ್ತದೆ. ನೋಡಿದವರು ಪಿಎಚ್ ಜಾಸ್ತಿಯಾಗಿದೆ ಅಂತ ಆಮ್ಲ ಸುರಿಯುತ್ತಾರೆ. ಚಾರ್ಟ್‌ನಲ್ಲಿ ಕೆಂಪು ಮುಗಿಯುವ ಕಡೆ ನೇರಳೆ ಕಂಡರೆ ಮೊದಲು ಕ್ಲೋರಿನ್ ಮಟ್ಟ ನೋಡಿ. ಅದು ಇಳಿದ ಮೇಲೆ ಪಿಎಚ್ ಓದಿ.

ಬೆಳ್ಳಗಾಗದೆ, ಮೊದಲಿನ ಬಣ್ಣಕ್ಕೇ ವಾಪಸ್ ಬಂದರೆ ಕತೆ ಬೇರೆ. ಅಮೋನಿಯಾದಿಂದ ನೀಲಿಯಾದ ಕೆಂಪು ಲಿಟ್ಮಸ್ ಒಣಗಿದ ಮೇಲೆ ಮತ್ತೆ ಕೆಂಪಾಗುತ್ತದೆ. ಅಮೋನಿಯಾ ಹಾರಿಹೋಯಿತು, ಅಷ್ಟೇ. ಸೋಡಾ ನೀರಿನ ಬಣ್ಣವೂ ಗ್ಯಾಸ್ ಹೋದಂತೆ ಹಿಂದೆ ಸರಿಯುತ್ತದೆ. ಇಂಥವನ್ನು ಒದ್ದೆ ಇರುವಾಗಲೇ ಓದಬೇಕು.

ಮೂರನೆಯದು ಅಪರೂಪ. ಗಟ್ಟಿ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಫಿನಾಲ್ಫ್ತಲೀನ್ ಗುಲಾಬಿಯಾಗಿ, ನಂತರ ನಿಧಾನಕ್ಕೆ ಬಣ್ಣ ಕಳೆದುಕೊಳ್ಳುತ್ತದೆ. ಅದು ಇರುವ ಪೇಪರ್ ಆದರೆ ನೇರಳೆ ಹೋಗಿ ನೀಲಿ ಉಳಿಯುತ್ತದೆ. ಆಗ 13-14 ಇರಬೇಕಾದದ್ದು ಅದಕ್ಕಿಂತ ತುಂಬಾ ಕಡಿಮೆ ಅಂತ ಕಾಣಬಹುದು. ಅನುಮಾನ ಬಂದರೆ ದ್ರಾವಣವನ್ನು ನೂರು ಪಟ್ಟು ತೆಳು ಮಾಡಿ ಮತ್ತೆ ನೋಡಿ. ಪ್ರಬಲ ಪ್ರತ್ಯಾಮ್ಲವಾಗಿದ್ದರೆ ತೆಳು ಮಾಡಿದ ಮೇಲೂ ಗಾಢ ಬಣ್ಣವೇ ಬರುತ್ತದೆ.

ಬಣ್ಣ ಚಾರ್ಟ್‌ಗೆ ಹೊಂದುತ್ತಿಲ್ಲ

ಹನಿಯ ನಡುವೆ ಒಂದು ಬಣ್ಣ, ಅಂಚಿನಲ್ಲಿ ಇನ್ನೊಂದು ಬಣ್ಣದ ಉಂಗುರ. ಇದನ್ನು ನೋಡಿ ಗಾಬರಿ ಬೇಡ. ನೀರು ಹರಡುತ್ತಾ ಸೂಚಕಗಳನ್ನು ಜೊತೆಗೆ ಎಳೆದುಕೊಂಡು ಹೋಗುತ್ತದೆ. ಬೇರೆ ಬೇರೆ ಸೂಚಕಗಳು ಬೇರೆ ಬೇರೆ ದೂರ ಹೋಗುತ್ತವೆ. ಅಂಚಿನಲ್ಲಿ ಮಿಶ್ರಣವೇ ಬೇರೆಯಾಗಿರುತ್ತದೆ. ನಡುವಿನ ಬಣ್ಣ ಓದಿ. ಹನಿ ಚಿಕ್ಕದಿರಲಿ.

ಪರೀಕ್ಷಿಸುವ ದ್ರವಕ್ಕೇ ಬಣ್ಣ ಇದ್ದರೆ? ಕಡು ಚಹಾ, ದ್ರಾಕ್ಷಿ ರಸ, ಶಾಯಿ. ಆ ಬಣ್ಣವೂ ಪೇಪರ್ ಮೇಲೆ ಕೂರುತ್ತದೆ. ಪೇಪರ್‌ನ ಒಂದು ಮುಖಕ್ಕೆ ಹನಿ ಹಾಕಿ, ಅದು ನೆನೆದು ಹಿಂಬದಿಗೆ ಬಂದಾಗ ಆ ಮುಖವನ್ನು ಓದುವುದು ಒಂದು ಉಪಾಯ. ಬಣ್ಣ ಬಿಡದ ಪಟ್ಟಿಯಾದರೆ ಅದ್ದಿ ತೆಗೆದು, ಡಿಸ್ಟಿಲ್ಡ್ ನೀರಿನಲ್ಲಿ ಚುಟುಕಾಗಿ ಜಾಲಾಡಿಸಿ ಓದಬಹುದು. ಪಕ್ಕದಲ್ಲಿ ಅದೇ ದ್ರವದ ಒಂದು ಹನಿಯನ್ನು ಸಾದಾ ಬಿಳಿ ಶೋಧಕ ಕಾಗದದ ಮೇಲೆ ಹಾಕಿಡಿ. ಎರಡನ್ನೂ ನೋಡಿದರೆ ಪೇಪರ್‌ನ ಪಾಲೆಷ್ಟು, ದ್ರವದ ಪಾಲೆಷ್ಟು ಅಂತ ಕಣ್ಣಿಗೆ ಗೊತ್ತಾಗುತ್ತದೆ. ದ್ರವವನ್ನು ತೆಳು ಮಾಡಿ ಬಣ್ಣ ತಗ್ಗಿಸುವ ಆಸೆ ಆಗುತ್ತದೆ. ತೆಳು ಮಾಡಿದರೆ ಪಿಎಚ್ ಕೂಡ 7ರ ಕಡೆ ಸರಿಯುತ್ತದೆ ಎನ್ನುವುದು ನೆನಪಿರಲಿ.

ಓದುವ ಹೊತ್ತು ಮುಖ್ಯ. ಅದ್ದಿದ ಕೂಡಲೇ ಬಣ್ಣ ಪೂರ್ತಿ ಬಂದಿರುವುದಿಲ್ಲ. ಒಣಗಿದ ಮೇಲೆ ಅದು ಬದಲಾಗಿರುತ್ತದೆ. ಡಬ್ಬಿಯ ಮೇಲೆ ಬರೆದಷ್ಟು ಸೆಕೆಂಡಿಗೆ ಓದಿ. ಚಾರ್ಟ್ ಮುದ್ರಿಸಿರುವುದು ಒದ್ದೆ ಪೇಪರ್‌ನ ಬಣ್ಣಕ್ಕೆ ಹೊಂದುವಂತೆ. ನೋಟ್‌ಬುಕ್‌ಗೆ ಅಂಟಿಸಿದ ಒಣ ಪೇಪರ್ ನಾಳೆ ಯಾರಿಗೂ ಸಾಕ್ಷಿಯಾಗುವುದಿಲ್ಲ.

ಬೆಳಕನ್ನೂ ಅನುಮಾನಿಸಿ. ಹಳದಿ ಬಲ್ಬಿನ ಕೆಳಗೆ ನೀಲಿ ಮಂಕಾಗುತ್ತದೆ, 6ಕ್ಕೂ 7ಕ್ಕೂ ವ್ಯತ್ಯಾಸವೇ ಕಾಣುವುದಿಲ್ಲ. ಕಿಟಕಿಯ ಹಗಲು ಬೆಳಕಿಗೆ ಬನ್ನಿ. ಕೆಂಪು-ಹಸಿರು ಬಣ್ಣಗುರುಡು ಇರುವವರಿಗೆ ಯೂನಿವರ್ಸಲ್ ಪೇಪರ್ ನಿಜಕ್ಕೂ ಕಷ್ಟ. ಇದ್ದರೂ ಎಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲ. ಒಂದೇ ಪೇಪರ್‌ಗೆ ಇಬ್ಬರು ಬೇರೆ ಬೇರೆ ಅಂಕಿ ಹೇಳಿ ಜಗಳವಾಡುತ್ತಿದ್ದರೆ ಮೂರನೆಯವರನ್ನು ಕರೆಯಿರಿ.

ಇನ್ನು ಚಾರ್ಟ್. ಒಂದು ಕಂಪನಿಯ ಪೇಪರ್, ಇನ್ನೊಂದು ಕಂಪನಿಯ ಚಾರ್ಟ್. ಈ ಜೋಡಿ ಎಲ್ಲ ಪ್ರಯೋಗಾಲಯದಲ್ಲೂ ಇರುತ್ತದೆ, ಯಾಕೆ ಅಂತ ಕೇಳಬೇಡಿ. ಮಿಶ್ರಣ ಬೇರೆಯಾದರೆ ಬಣ್ಣವೂ ಬೇರೆ. ಒಬ್ಬರ 9 ಇನ್ನೊಬ್ಬರ 8ರಂತೆ ಕಾಣಬಹುದು. ಚಾರ್ಟ್ ಅನ್ನು ಬಿಸಿಲಿಗೆ ಬಿಟ್ಟರೆ ಅದರ ಬಣ್ಣವೂ ಮಾಸುತ್ತದೆ.

ಪೇಪರ್ ಸರಿ, ನಮ್ಮ ನಿರೀಕ್ಷೆ ತಪ್ಪು

‘ಉಪ್ಪು ತಟಸ್ಥ’ ಅಂತ ಶಾಲೆಯಲ್ಲಿ ಕಲಿತದ್ದು ಅಡುಗೆ ಉಪ್ಪಿಗೆ ಸರಿ. ಎಲ್ಲ ಲವಣಗಳಿಗೂ ಅಲ್ಲ. ಮೈಲುತುತ್ತದ ದ್ರಾವಣ ಆಮ್ಲೀಯ. ಪಟಿಕವೂ, ನವಸಾಗರವೂ ಆಮ್ಲೀಯ. ವಾಷಿಂಗ್ ಸೋಡಾ ಕೂಡ ಒಂದು ಲವಣವೇ, ಆದರೆ ಅದರ ದ್ರಾವಣ 11ರ ಮೇಲೆ ಹೋಗುತ್ತದೆ. ಪ್ರಬಲ ಆಮ್ಲ ಮತ್ತು ದುರ್ಬಲ ಪ್ರತ್ಯಾಮ್ಲದಿಂದ ಹುಟ್ಟಿದ ಲವಣ ನೀರಿನಲ್ಲಿ ಆಮ್ಲೀಯವಾಗುತ್ತದೆ. ತಿರುಗಾಮುರುಗಾ ಆದರೆ ಪ್ರತ್ಯಾಮ್ಲೀಯ. ಪೇಪರ್ ಇದನ್ನು ತೋರಿಸಿದಾಗ ಪೇಪರ್ ಬದಲಿಸುವುದಲ್ಲ, ಪುಸ್ತಕದ ಮುಂದಿನ ಪುಟ ತಿರುಗಿಸಬೇಕು.

ಸೋಪಿನದ್ದೂ ಹೀಗೇ. ಕೊಬ್ಬು ಮತ್ತು ಕ್ಷಾರದಿಂದ ಮಾಡಿದ ಬಾರ್ ಸೋಪು ಸಾಮಾನ್ಯವಾಗಿ 9-10. ದ್ರವರೂಪದ ಬಾಡಿ ವಾಶ್, ಶಾಂಪೂಗಳು ಸೋಪೇ ಅಲ್ಲ, ಅವು 5ರಿಂದ 7ರ ನಡುವೆ ಇರುವುದು ಸಾಮಾನ್ಯ. ‘ನೊರೆ ಬರುವುದೆಲ್ಲ ಪ್ರತ್ಯಾಮ್ಲ’ ಅಂದುಕೊಂಡವರಿಗೆ ಪೇಪರ್ ಕೈಕೊಟ್ಟಂತೆ ಅನಿಸುತ್ತದೆ.

ಪಿಎಚ್ ಅಳತೆಯನ್ನು 1909ರಲ್ಲಿ ರೂಪಿಸಿದ್ದು ಡೆನ್ಮಾರ್ಕ್‌ನ ಸೋರೆನ್ಸೆನ್. ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದವರು. ಅವರ ಅಳತೆಯಲ್ಲಿ ಒಂದು ಮೆಟ್ಟಿಲು ಎಂದರೆ ಹತ್ತು ಪಟ್ಟು. ಇದು ಮನಸ್ಸಿಗೆ ಇಳಿಯದಿದ್ದರೆ ಸರಿಯಾದ ಫಲಿತಾಂಶವೂ ತಪ್ಪಾಗಿ ಕಾಣುತ್ತದೆ. ಆಮ್ಲಕ್ಕೆ ಅಷ್ಟೇ ನೀರು ಸೇರಿಸಿ ಅರ್ಧ ಮಾಡಿದೆ, ಬಣ್ಣ ಹಾಗೇ ಇದೆ ಅನ್ನುತ್ತಾರೆ. ಹಾಗೇ ಇರಬೇಕು. ಪ್ರಬಲ ಆಮ್ಲವನ್ನು ಎರಡು ಪಟ್ಟು ತೆಳು ಮಾಡಿದರೆ ಪಿಎಚ್ ಬದಲಾಗುವುದು ಕೇವಲ 0.3. ಒಂದು ಬಣ್ಣ ದಾಟಲು ಹತ್ತು ಪಟ್ಟು ತೆಳು ಮಾಡಬೇಕು. ವಿನೆಗರ್‌ನಂಥ ದುರ್ಬಲ ಆಮ್ಲವಾದರೆ ಹತ್ತು ಪಟ್ಟಿಗೂ ಅರ್ಧ ಮೆಟ್ಟಿಲು ಮಾತ್ರ.

ವಸ್ತುವೇ ಬದಲಾಗಿದ್ದರೂ ಗೊಂದಲ. ಹೊಸದಾಗಿ ಮಾಡಿದ, ಪೂರ್ತಿ ಕರಗಿದ ಸುಣ್ಣದ ತಿಳಿ ನೀರು 12.4ರ ಹತ್ತಿರ. ತೆರೆದಿಟ್ಟರೆ ಮೇಲೆ ಬಿಳಿ ಕೆನೆ ಕಟ್ಟುತ್ತದೆ. ಅದು ಕ್ಯಾಲ್ಸಿಯಂ ಕಾರ್ಬೋನೇಟ್. ಕೆನೆ ಕಟ್ಟಿದಷ್ಟೂ ಪಿಎಚ್ ಇಳಿದಿದೆ ಎಂದರ್ಥ. ಅಡುಗೆ ಸೋಡಾ ದ್ರಾವಣ ಕುದಿಸಿದರೆ ಉಲ್ಟಾ. ಅದು ವಾಷಿಂಗ್ ಸೋಡಾ ಕಡೆ ತಿರುಗಿ ಪಿಎಚ್ ಏರುತ್ತದೆ. ಪರೀಕ್ಷೆಗೆ ತಣ್ಣೀರು, ಹೊಸ ದ್ರಾವಣ ಎಂದು ಮೊದಲೇ ಹೇಳಿದ್ದು ಇದಕ್ಕೇ.

ಬಿಸಿ ದ್ರವವನ್ನು ಆರಿಸಿ ಓದಿ. 25 ಡಿಗ್ರಿಯಲ್ಲಿ ತಟಸ್ಥ ಎಂದರೆ 7. 60 ಡಿಗ್ರಿಯಲ್ಲಿ ಅದೇ ತಟಸ್ಥ ನೀರು ಸುಮಾರು 6.5.

ಕೈ, ಪಾತ್ರೆ, ಡಬ್ಬಿ

ಚರ್ಮದ ಮೇಲ್ಮೈ ಆಮ್ಲೀಯ, ಹೆಚ್ಚಾಗಿ 5ರ ಆಸುಪಾಸು. ಬೆವರಿದ ಬೆರಳಲ್ಲಿ ಹಿಡಿದ ತುದಿಯಲ್ಲಿ ಓದಬೇಡಿ. ಚಿಮಟ ಇದ್ದರೆ ಒಳ್ಳೆಯದು. ಸೋಪಿನಿಂದ ತೊಳೆದು ಸರಿಯಾಗಿ ಜಾಲಾಡಿಸದ ಲೋಟ ಏನನ್ನು ಹಾಕಿದರೂ ಪ್ರತ್ಯಾಮ್ಲದ ಕಡೆ ಎಳೆಯುತ್ತದೆ. ಗಂಟಿಲ್ಲದ ನೀರಿನಲ್ಲಂತೂ ಈ ಎಳೆತ ಜೋರು. ಪೇಪರ್ ಅನ್ನು ಬಾಟಲಿಯೊಳಗೇ ಅದ್ದಬೇಡಿ. ಪೇಪರ್‌ನ ಬಣ್ಣ ದ್ರಾವಣಕ್ಕೆ ಇಳಿಯುತ್ತದೆ.

ಅನಿಲ ಪರೀಕ್ಷೆಗೆ ಮಾತ್ರ ಪೇಪರ್ ಅನ್ನು ಡಿಸ್ಟಿಲ್ಡ್ ನೀರಿನಿಂದ ಮೊದಲೇ ಒದ್ದೆ ಮಾಡಬೇಕು. ದ್ರವ ಪರೀಕ್ಷೆಗೂ ಹಾಗೇ ಮಾಡುವವರಿದ್ದಾರೆ. ಅದು ದ್ರವವನ್ನು ತೆಳು ಮಾಡುವುದು ಬಿಟ್ಟು ಬೇರೇನೂ ಮಾಡುವುದಿಲ್ಲ. ಅನಿಲ ಪರೀಕ್ಷೆಯಲ್ಲಿ ಪೇಪರ್ ನಳಿಕೆಯ ಬಾಯಿಗೆ ತಗುಲಬಾರದು. ಅಲ್ಲಿ ಅಂಟಿದ ದ್ರಾವಣವೇ ಬಣ್ಣ ಬದಲಿಸಿ, ಬಾರದ ಅನಿಲವನ್ನು ಬಂದಂತೆ ತೋರಿಸುತ್ತದೆ.

ಪೇಪರ್ ನಿಜಕ್ಕೂ ಹಾಳಾಗುವುದು ಡಬ್ಬಿಯ ಮುಚ್ಚಳ ತೆರೆದಿಟ್ಟಾಗ. ತೇವ, ಬಿಸಿಲು, ಪಕ್ಕದಲ್ಲಿಟ್ಟ ಹೈಡ್ರೋಕ್ಲೋರಿಕ್ ಆಮ್ಲ ಅಥವಾ ಅಮೋನಿಯಾ ಬಾಟಲಿಯ ಆವಿ, ಈ ಮೂರೇ ಸಾಕು. ಲಕ್ಷಣ ಸುಲಭ. ಒಣಗಿರುವಾಗಲೇ ಸುರುಳಿಯ ಅಂಚಿಗೆ ಒಂದು ಬಣ್ಣ, ಒಳಗೆ ಇನ್ನೊಂದು. ಅಂಚಿನ ಕೆಲವು ಸುತ್ತು ಹರಿದು ಬಿಸಾಡಿ, ಒಳಗಿನದಕ್ಕೆ ವಿನೆಗರ್-ಸೋಡಾ ಪರೀಕ್ಷೆ ಮಾಡಿ. ಸರಿ ಬಂದರೆ ಬಳಸಿ.

ಮೀಟರ್ ಬೇಕಾಗುವುದು ಯಾವಾಗ

1ರಿಂದ 14ರ ಪೇಪರ್‌ನಿಂದ ಅರ್ಧ ಮೆಟ್ಟಿಲಿನ ನಿಖರತೆ ಕೇಳುವುದು ಅನ್ಯಾಯ. ಕಿರು ವ್ಯಾಪ್ತಿಯ ಪೇಪರ್‌ಗಳು ಸಿಗುತ್ತವೆ, 0.2 ಅಥವಾ 0.5ರ ಅಂತರದವು. ಮೊದಲು ಅಗಲ ವ್ಯಾಪ್ತಿಯದ್ದರಲ್ಲಿ ಅಂದಾಜು ಮಾಡಿ, ನಂತರ ಕಿರಿದಾದದ್ದನ್ನು ಹಾಕಿ. ನೇರವಾಗಿ ಕಿರು ವ್ಯಾಪ್ತಿಯದ್ದನ್ನೇ ಹಾಕಿದರೆ ಒಂದು ಅಪಾಯವಿದೆ. 5.5ರಿಂದ 8ರ ಪೇಪರ್ ಅನ್ನು ಪಿಎಚ್ 3ರ ದ್ರಾವಣಕ್ಕೆ ಅದ್ದಿದರೆ ಅದು 5.5ರ ಬಣ್ಣವನ್ನೇ ತೋರಿಸಿ ಸುಮ್ಮನಾಗುತ್ತದೆ. ಚಾರ್ಟ್‌ನ ಮೊದಲ ಅಥವಾ ಕೊನೆಯ ಬಣ್ಣ ಬಂದರೆ ಅದನ್ನು ‘5.5’ ಅಂತ ಬರೆಯಬೇಡಿ, ‘5.5 ಅಥವಾ ಕಡಿಮೆ’ ಅಂತ ಬರೆಯಿರಿ.

ಕಡು ಬಣ್ಣದ ದ್ರವ, ಬ್ಲೀಚ್, ಗಂಟಿಲ್ಲದ ನೀರು, ದಶಮಾಂಶ ಬೇಕಾದ ಕೆಲಸ ಇವಕ್ಕೆ ಮೀಟರ್ ಬೇಕು. ಮೀಟರ್ ತೋರಿಸುವ ಎರಡು ದಶಮಾಂಶ ನೋಡಿ ಮರುಳಾಗಬೇಡಿ. ಬಫರ್‌ನಲ್ಲಿ ಹೊಂದಿಸದ ಮೀಟರ್ ಎರಡು ದಶಮಾಂಶದ ತಪ್ಪು ಉತ್ತರ ಕೊಡುತ್ತದೆ. ಮೀಟರ್ 4.87 ಎನ್ನುವಾಗ ಪೇಪರ್ ಗಾಢ ನೀಲಿಯಾದರೆ ಮೊದಲು ಮೀಟರ್ ಅನ್ನು ಬಫರ್‌ಗೆ ಅದ್ದಿ ನೋಡಿ. ಹೈಡ್ರೋಫ್ಲೋರಿಕ್ ಆಮ್ಲ ಇರುವ ಕಡೆ ಗಾಜಿನ ಎಲೆಕ್ಟ್ರೋಡ್ ಇಳಿಸಲೇಬೇಡಿ. ಅದು ಗಾಜನ್ನೇ ತಿನ್ನುತ್ತದೆ. ಅಲ್ಲಿ ಕೆಲಸಕ್ಕೆ ಬರುವುದು ಪೇಪರೇ.